ಎದುರಾಳಿಯನ್ನು ಹೊತ್ತು ತಂದದ್ದು

ಜೆರುಸಲೇಮಿನಲ್ಲಿ ನನ್ನಂಥ ಮಾತುಗಾತಿ ಇನ್ನೊಬ್ಬಳಿಲ್ಲ. ನಾನು ಬಾಯಿ ತೆರೆದರೆ ಸಂತೆಯ ಮೀನಿನವರೂ ಕೂಗುವುದನ್ನು ನಿಲ್ಲಿಸಿ ಕಿವಿಗೊಡುತ್ತಾರೆ. ಇಂಥ ನಾನು ಧರ್ಮನ್ಯಾಯಾಲಯದ ವಕೀಲೆಯ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದೆ. ಮೊದಲ ಸಲ ಮಾತು ನಿಲ್ಲಿಸಲಿಲ್ಲವೆಂದು; ಎರಡನೆಯ ಸಲ ಎದುರು ಪಕ್ಷ ಬರುವ ಮೊದಲೇ ಶುರುಮಾಡಿದೆನೆಂದು. ಒಬ್ಬರಿಲ್ಲದಾಗ ಇನ್ನೊಬ್ಬರ ಮಾತನ್ನು ನ್ಯಾಯಾಧೀಶ ಕೇಳಬಾರದು ಎನ್ನುತ್ತದೆ ನಮ್ಮ ಯಹೂದಿ ಧರ್ಮಶಾಸ್ತ್ರ ತಾಲ್ಮುದ್. ಆ ದಿನ ನ್ಯಾಯಾಧೀಶರ ಪೀಠದಲ್ಲಿದ್ದ ಪರೀಕ್ಷಕ, ಧರ್ಮಗುರು ರಬ್ಬಿ ಹಮಾಮಿ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕೂತುಬಿಟ್ಟಿದ್ದರು.

ಮೂರನೆಯ ಸಲ ತಪ್ಪಿದರೆ ಮತ್ತೆ ಅವಕಾಶವಿಲ್ಲ. ತಾಲ್ಮುದಿನಲ್ಲಿ ಆ ನಿಯಮವಿರುವ ಪುಟವೊಂದನ್ನೇ ಒಂಬತ್ತು ಸಾವಿರ ಸಲ ಓದಿದೆ. ಕಾಗದ ಸವೆದು ಆಚೆ ಬದಿಯ ಅಕ್ಷರ ಈಚೆ ಕಾಣತೊಡಗಿತು.

ಪರೀಕ್ಷೆಗೆ ಕೊಟ್ಟ ವ್ಯಾಜ್ಯ ಇಷ್ಟು: ಮೇಲ್ಮನೆಯವಳು ಒಣಹಾಕಿದ ಬಟ್ಟೆಯ ನೀರು ಕೆಳಮನೆಯವನ ಊಟದ ಮೇಲೆ ತೊಟ್ಟಿಕ್ಕುತ್ತದೆ. ಕೆಳಮನೆಯವನ ಪರ ನಾನು, ಮೇಲ್ಮನೆಯವಳ ಪರ ಸಹಪಾಠಿ ತೆಹಿಲಾ. ಗಂಟೆ ಹತ್ತಾದರೂ ಅವಳಿಲ್ಲ. ತುಟಿ ಬಿಗಿಹಿಡಿದು ಕೂತೆ. ಮಾತು ಒಳಗೇ ಕುದ್ದು ನನ್ನ ತಲೆವಸ್ತ್ರ ಎರಡು ಮೊಳ ಮೇಲೆದ್ದಿತ್ತು.

"ಹತ್ತೂವರೆವರೆಗೆ ನೋಡ್ತೀನಿ ಪ್ನಿನಾ," ಎಂದರು ರಬ್ಬಿ. "ಅವಳು ಬರ್ಲಿಲ್ಲ ಅಂದ್ರೆ ಇಬ್ರಿಗೂ ಸೊನ್ನೆ."

ಕೆಳಗೆ ಓಡಿದೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲೇ ತೆಹಿಲಾ ಕೂತಿದ್ದಳು. ಕಣಕಾಲು ಕಲ್ಲಂಗಡಿಯಷ್ಟು ಊದಿತ್ತು.

"ಕಾಲು ಉಳುಕಿತು ಮಾರಾಯ್ತಿ. ನಾನು ಮನೆಗೆ ಹೋಗ್ತೀನಿ. ನೀನಾದ್ರೂ ಪಾಸಾಗು."

"ನೀನಿಲ್ದೆ ನಾನು ಬಾಯಿ ಬಿಡೋ ಹಾಗಿಲ್ವಲ್ಲೇ! ಹತ್ತು ಬೆನ್ನಿಗೆ."

"ಹುಚ್ಚೀ, ನಾನು ನಿನ್ನ ಎದುರಾಳಿ ಕಣೇ!"

"ಅದಕ್ಕೇ ಹೊರ್ತಿರೋದು. ಬರೀ ಸ್ನೇಹಿತೆ ಆಗಿದ್ರೆ ಇಲ್ಲೇ ಬಿಟ್ಟು ಹೋಗ್ತಿದ್ದೆ."

ಮುನ್ನೂರು ಮೆಟ್ಟಿಲು. ಐವತ್ತೆರಡು ಎನ್ನುತ್ತಾಳೆ ತೆಹಿಲಾ, ಹೊತ್ತವಳು ಅವಳಲ್ಲವಲ್ಲ. ದಾರಿಯುದ್ದಕ್ಕೂ ನನ್ನ ಕಿವಿಯಲ್ಲೇ ತನ್ನ ವಾದವನ್ನು ಉರುಹೊಡೆದಳು, ನಾಚಿಕೆಗೆಟ್ಟವಳು!

ರಬ್ಬಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ತೆಹಿಲಾಳಿಗೆ ನಿಲ್ಲಲಾಗದು. ನಾನೂ ಧೊಪ್ಪೆಂದು ಕೂತೆ. ನಿಂತರೆ ಇಬ್ಬರೂ ನಿಲ್ಲಬೇಕು, ಕೂತರೆ ಇಬ್ಬರೂ ಕೂರಬೇಕು, ಅದೂ ಕಾನೂನೇ.

"ಫಿರ್ಯಾದಿ ಮೊದ್ಲು. ಹೇಳಮ್ಮಾ."

ಹೇಳಲು ಉಸಿರೆಲ್ಲಿದೆ? "ರಬ್ಬಿ... ಕೆಳಮನೆಯವನ ಸಾರಲ್ಲಿ... ಅವಳ ಸೋಪಿನ ನೀರು. ಹಗ್ಗ... ಒಂದು ಮೊಳ ಹಿಂದಕ್ಕೆ ಕಟ್ಲಿ. ಅಷ್ಟೇ."

ರಬ್ಬಿಯ ಹುಬ್ಬು ಹಣೆ ದಾಟಿ ಟೋಪಿಯೊಳಗೆ ಹೋಯಿತು. ತೆಹಿಲಾ ಕಾಲು ಗಂಟೆ ವಾದಿಸಿದಳು: ಕೆಳಮನೆಯವನು ಆ ಮನೆಗೆ ಬರುವ ಮೊದಲೇ ಹಗ್ಗ ಅಲ್ಲಿತ್ತು, ಆಗ ಯಾರೂ ತಕರಾರು ಎತ್ತಿರಲಿಲ್ಲ. ವ್ಯಾಜ್ಯ ಅವಳೇ ಗೆದ್ದಳು. ಪರವಾನಗಿ ಇಬ್ಬರಿಗೂ ಸಿಕ್ಕಿತು.

ಇಳಿಯುವಾಗಲೂ ನಾನೇ ಹೊತ್ತೆ. ನುಂಗಿಕೊಂಡಿದ್ದ ನಲವತ್ತು ವಾದಗಳನ್ನೂ ಒಂದೊಂದಾಗಿ ಅವಳ ಮೇಲೆ ಸುರಿದೆ. ಬೆನ್ನ ಮೇಲಿದ್ದವಳು ಎಲ್ಲಿಗೆ ಓಡುತ್ತಾಳೆ!