ಧರ್ಮಣ್ಣ ಕೂತು ನೋಡಿದ ಬೆಂಚು

ಮಕ್ಕಳು ಡಿಪ್ಲೊಮಾ ಮುಗಿಸಿ ಮನೆಗೆ ಬಂದಾಗ ಎಲ್ಲ ಮನೆಗಳಲ್ಲೂ ಒಂದೇ ಮಾತು ಏಳುತ್ತದೆ: ಇಷ್ಟು ಸಾಕೋ, ಇನ್ನೂ ಓದಿಸಬೇಕೋ? ಎಂಬತ್ತಾರನೆಯ ಇಸವಿಯಲ್ಲಿ ನಿಂಬರ್ಗಾದ ಧರ್ಮಣ್ಣನ ಮನೆಯಲ್ಲೂ ಆ ಮಾತು ಎದ್ದಿತು. ಧರ್ಮಣ್ಣ ಅದನ್ನು ಅಲ್ಲಿಗೇ ಮುಗಿಸಿಬಿಟ್ಟ.

ಮಗಳು ಶರಣಬಸಮ್ಮ ಗುಲಬರ್ಗಾದ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಎಲೆಕ್ಟ್ರಿಕಲ್ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಇಂಜಿನಿಯರಿಂಗ್ ಕಾಲೇಜು ಸೇರಿ ಬಿ.ಇ. ಮಾಡಬೇಕೆಂದು ಅವಳ ಆಸೆ. ಅರ್ಜಿ ಹಾಕಲು ಶುಕ್ರವಾರ ಕಡೆಯ ದಿನ. ಅವತ್ತು ರವಿವಾರ.

“ಬ್ಯಾಡಂದ್ರ ಬ್ಯಾಡವ್ವಾ,” ಎಂದ ಧರ್ಮಣ್ಣ. “ಇಷ್ಟು ಕಲ್ತು ಮತ್ತ ಹೊಸಾ ಹುಡುಗೂರ ಜೋಡಿ ಮೊದಲನೇ ವರ್ಷಕ್ಕ ಕುಂದರ್ತಿ ಏನು? ಮಂದಿ ನಗ್ತಾರ.”

“ಮೊದಲನೇ ವರ್ಷಕ್ಕ ಅಲ್ಲಪ್ಪಾ. ಡಿಪ್ಲೊಮಾ ಆದವರಿಗೆ ಸೀದಾ ಎರಡನೇ ವರ್ಷಕ್ಕ ತೊಗೋತಾರ.”

“ಬಾಯಿಲೆ ಹಾಂಗ ಹೇಳ್ತಾರ. ಒಳಗ ಹೋದ ಮ್ಯಾಲ ಹಿಂದ ಕೂಡಸ್ತಾರ. ನಾ ಕಣ್ಣಾರೆ ನೋಡೇನಿ.”

“ನಿಮ್ಮಪ್ಪ ಇಂಜಿನಿಯರಿಂಗ್ ಕಾಲೇಜ್ ಯಾವಾಗ ನೋಡಿ ಬಂದ್ರು, ಸ್ವಲ್ಪ ಕೇಳು,” ಎಂದು ಹೆಂಡತಿ ಕಾಶಿಬಾಯಿ ಒಲೆಯ ಮುಂದಿನಿಂದಲೇ ಚುಚ್ಚಿದಳು. ಶರಣಬಸಮ್ಮ ನಗಲಿಲ್ಲ. ಅಪ್ಪನ ತಟ್ಟೆಗೆ ಬಿಸಿ ರೊಟ್ಟಿ ಹಾಕಿ ಒಳಗೆ ಹೋದಳು. ಸಿಟ್ಟು ಬಂದಾಗಲೂ ಆ ಹುಡುಗಿ ಅಪ್ಪನಿಗೆ ಮೆತ್ತಗಿನ ರೊಟ್ಟಿಯನ್ನೇ ಆರಿಸಿ ಹಾಕುತ್ತಾಳೆ.

ಕಾಲೇಜು ನೋಡಿರದಿದ್ದರೂ ಹಿಂದೆ ಕೂಡುವುದು ಎಂದರೇನೆಂದು ಅವನು ಬಲ್ಲ. ನಿಜಾಮರ ಕಾಲದಲ್ಲಿ ಅವನು ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಕಲಿತಿದ್ದ. ಆಳ್ವಿಕೆ ಹೋಯಿತು, ಊರ ಶಾಲೆ ಕನ್ನಡ ಶಾಲೆಯಾಯಿತು. ಕನ್ನಡ ಅಕ್ಷರ ಬಾರದ ಧರ್ಮಣ್ಣನನ್ನು ಒಂದನೇ ತರಗತಿಯಲ್ಲಿ ಕೂಡಿಸಿದರು. ಹಾಲುಹಲ್ಲಿನ ಮಕ್ಕಳ ನಡುವೆ ಮೊಳಕಾಲು ಮಡಚಲಾಗದೆ ಕೂತ ಅವನಿಗೆ ಅವರು ‘ಮುತ್ಯಾ’, ಅಂದರೆ ಅಜ್ಜ, ಎಂದು ಹೆಸರಿಟ್ಟರು. ದಸರೆಗೆ ಮೊದಲೇ ಬರೆಯುವ ಪಾಟಿ ಎಸೆದು ಹೊಲಕ್ಕೆ ಹೋದವನು ಮತ್ತೆ ಶಾಲೆಯ ಕಡೆ ನೋಡಲಿಲ್ಲ. ತನ್ನ ಮಗಳನ್ನು ನೋಡಿ ಯಾರೂ ಹಾಗೆ ನಗಬಾರದು. ಅವನ ಹಟವೆಲ್ಲ ಅಷ್ಟಕ್ಕೇ.

ಸಂಜೆ ಖುರ್ಷಿದ ಬಂದ. ಆ ಉರ್ದು ಶಾಲೆಯಲ್ಲಿ ಧರ್ಮಣ್ಣನ ಪಕ್ಕ ಕೂತವನು. ಈಗ ಬೀದರಿನ ಪಾಲಿಟೆಕ್ನಿಕ್ ಒಂದರಲ್ಲಿ ಮಾಸ್ತರ. ಊರಿಗೆ ಬಂದಾಗ ಈ ಮನೆಯ ಚಹಾ ಕುಡಿಯದೆ ಹೋಗುವವನಲ್ಲ. ಕಿವಿ ಮುರಿದ ಕಪ್ಪನ್ನು ಯಾರೂ ಹೇಳದೆ ತಾನೇ ಎತ್ತಿಕೊಂಡು, ಒಳ್ಳೆಯದನ್ನು ಗೆಳೆಯನ ಕಡೆ ಸರಿಸಿದ.

“ಖುರ್ಷಿದಣ್ಣ, ನೀವರ ಹೇಳ್ರಿ ಇವರಿಗೆ,” ಎಂದು ಕಾಶಿಬಾಯಿ ಎಲ್ಲವನ್ನೂ ಹೇಳಿದಳು.

ಖುರ್ಷಿದ ಚಹಾ ಮುಗಿಸಿ ಕೇಳಿದ, “ಧರ್ಮಾ, ಬಾರಾ ಚೌದಾ?”

“ಏಕ್‌ಸೌ ಅಡಸಟ,” ಎಂದ ಧರ್ಮಣ್ಣ. ಹನ್ನೆರಡು ಹದಿನಾಲ್ಕಲೆ ನೂರ ಅರವತ್ತೆಂಟು. ತೊಗರಿ ಚೀಲದ ಲೆಕ್ಕಕ್ಕೆ ಇವತ್ತಿಗೂ ಅವನ ನಾಲಿಗೆಗೆ ಬರುವುದು ಉರ್ದು ಮಗ್ಗಿಯೇ.

“ಕನ್ನಡದಾಗ ಹೇಳಿದ್ರ ಅದು ಬದಲಾಗ್ತದೇನಲೇ?”

“ಲೆಕ್ಕ ಹ್ಯಾಂಗ ಬದಲಾಗ್ತದ?”

“ಅವತ್ತ ನಿನಗ ಏನು ಬರ್ತದ ಅಂತ ಯಾರೂ ಕೇಳಲಿಲ್ಲ. ಅದು ತಪ್ಪು. ನನ್ನ ಅಬ್ಬಾ ಗುಲಬರ್ಗಾದ ಉರ್ದು ಶಾಲಿಗೆ ಒಯ್ದ್ರು, ನಾ ಸೀದಾ ಐದನೇದಕ್ಕ ಕುಂತೆ. ನೀ ನನಕಿಂತ ಶ್ಯಾಣ್ಯಾ ಇದ್ದಿ. ಈಗ ಈ ಹುಡುಗಿಗೆ ಕೇಳೋರು ಅದಾರ. ಮೂರು ವರ್ಷದಾಗ ಏನೇನು ಕಲ್ತಾಳ ನೋಡಿ, ಬಿ.ಇ.ದ ಮೊದಲನೇ ವರ್ಷ ಆದಂಗ ಅಂತ ಹಿಡೀತಾರ. ಆಕಿ ಕಲ್ತದ್ದು ಆಕಿ ಜೋಡಿನೇ ಹೋಗ್ತದ.”

“ಎಲ್ಲಾರಿಗೂ ಹಾಂಗ ಕೊಡ್ತಾರೇನು?” ಎಂದ ಧರ್ಮಣ್ಣ.

“ಇಲ್ಲ. ಸೀಟು ಕಡಿಮಿ, ಮಾರ್ಕ್ಸ್ ನೋಡ್ತಾರ. ಡಿಪ್ಲೊಮಾ ಪೂರ್ತಿ ಪಾಸಾಗಿರಬೇಕು, ನಡುವ ಬಿಟ್ಟವರಿಗೆ ಸಿಗೋದಿಲ್ಲ. ಕಲಿತ ವಿಷಯಕ್ಕ ಹೊಂದೋ ವಿಭಾಗನೇ ಕೇಳಬೇಕು. ಗಣಿತ ಭಾರಿ ಇರ್ತದ, ಒಂದೆರಡು ಪೇಪರ್ ಹೆಚ್ಚಿಗಿ ಬರೀ ಅಂದ್ರೂ ಅಂದಾರು. ಸುಳ್ಳ್ಯಾಕ ಹೇಳ್ಲಿ, ಮೊದಲ ಆರು ತಿಂಗಳು ಆಕಿಗೆ ತ್ರಾಸ ಆಗ್ತದ.”

“ಆಗ್ಲಿ ಕಾಕಾ, ಓದ್ತೇನಿ,” ಎಂದಳು ಬಾಗಿಲ ಹಿಂದಿದ್ದ ಶರಣಬಸಮ್ಮ.

“ಅಲ್ಲೇ ನಿಂತು ಕೇಳಾಕತ್ತಿದ್ದಿ ಏನು ಬೇ?” ಎಂದು ಅವ್ವ ಗದರಿಸಿದಳು. ಧರ್ಮಣ್ಣ ಕಪ್ಪು ಕೆಳಗಿಟ್ಟು ಖುರ್ಷಿದನ ಕಡೆ ತಿರುಗಿದ. “ಖರೇನ ನಾ ಶ್ಯಾಣ್ಯಾ ಇದ್ದೆ ಏನು?” ಎಂದ.

“ನಿನ್ನ ಪಾಟಿ ನೋಡೇ ನಾ ಪಾಸಾಗ್ತಿದ್ದೆ,” ಎಂದ ಖುರ್ಷಿದ.

ಮರುದಿನ ಅಪ್ಪ ಮಗಳು ಗುಲಬರ್ಗಾದ ಬಸ್ಸು ಹತ್ತಿದರು. ಕಾಲೇಜಿನ ಕಚೇರಿಯಲ್ಲಿ ಮೂರೂ ವರ್ಷದ ಅಂಕಪಟ್ಟಿ ನೋಡಿದವರು, ಅರ್ಜಿ ತೆಗೆದುಕೊಂಡು, ಒಂದು ವಾರ ಬಿಟ್ಟು ಬಂದು ಪಟ್ಟಿ ನೋಡಲು ಹೇಳಿದರು. ಆ ವಾರ ಧರ್ಮಣ್ಣ ಮಗಳಿಗಿಂತ ಹೆಚ್ಚು ತಳಮಳಿಸಿದ. ವಾರ ಬಿಟ್ಟು ಇಬ್ಬರೂ ಮತ್ತೆ ಹೋದಾಗ ಪಟ್ಟಿಯಲ್ಲಿ ಅವಳ ಹೆಸರಿತ್ತು, ಮುಂದೆ ‘ಎರಡನೇ ವರ್ಷ’ ಎಂದು ಬರೆದಿತ್ತು.

ಆದರೂ ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. “ಎರಡನೇ ವರ್ಷದವರು ಕುಂದ್ರೋದು ಎಲ್ಲಿರೀ?” ಎಂದು ಜವಾನನನ್ನು ಕೇಳಿದ. ಜವಾನ ಯಾಕೆಂದು ಕೇಳದೆ, ಕರೆದುಕೊಂಡು ಹೋಗಿ ಬೀಗ ತೆಗೆದುಕೊಟ್ಟ. ಧರ್ಮಣ್ಣ ಚಪ್ಪಲಿಯನ್ನು ಹೊರಗೆ ಬಿಟ್ಟು, ಮೊದಲ ಸಾಲಿನ ಬೆಂಚಿನಲ್ಲಿ ಮೆಲ್ಲಗೆ ಕೂತು ಕಾಲು ಒಳಗೆ ಚಾಚಿದ. ಮೊಳಕಾಲು ಎಲ್ಲಿಯೂ ತಗಲಲಿಲ್ಲ. ಶರಣಬಸಮ್ಮ ಏನೂ ಕೇಳದೆ ಬಂದು ಪಕ್ಕದಲ್ಲಿ ಕೂತಳು.

“ಬರೋಬ್ಬರಿ ಅದ ನೋಡವ್ವಾ,” ಎಂದ ಅವನು, ಹಲಗೆಯ ಮೇಲೆ ಕೈಯಾಡಿಸುತ್ತ.

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಡಿಪ್ಲೊಮಾ ಮುಗಿಸಿದ ಮಗನೋ ಮಗಳೋ ಇರಬಹುದು. ಮತ್ತೆ ಮೊದಲಿಂದ ಓದಬೇಕೆಂದು ಹೆದರಿ ಅವರನ್ನು ತಡೆಯಬೇಡಿ. ವಿಚಾರಿಸದೆ ಮೊದಲನೇ ವರ್ಷಕ್ಕೂ ಸೇರಿಸಬೇಡಿ. ನಿಯಮ ಎಲ್ಲ ಕಡೆ ಒಂದೇ ಇರುವುದಿಲ್ಲ. ಫಲಿತಾಂಶ ಬಂದ ವಾರವೇ, ಎಲ್ಲ ವರ್ಷಗಳ ಅಂಕಪಟ್ಟಿ ಹಿಡಿದು ಕಾಲೇಜಿಗೆ ಹೋಗಿ, ‘ಇವಳು ಕಲಿತದ್ದರಲ್ಲಿ ಎಷ್ಟನ್ನು ಒಪ್ಪುತ್ತೀರಿ, ಅರ್ಜಿಗೆ ಕಡೆಯ ದಿನ ಯಾವುದು?’ ಎಂದು ಕೇಳಿ. ಕೇಳಲು ಸಂಕೋಚವಾದರೆ ಮಗುವಿನ ಜೊತೆ ನೀವೂ ಹೋಗಿ. ಅಲ್ಲಿ ನಿಮಗೂ ಕೂಡಲು ಒಂದು ಬೆಂಚು ಇದ್ದೇ ಇರುತ್ತದೆ.