ಕೊಬ್ಬಿನ ಪುಡಿ

ಮೈದುನ ಯೋಗರಾಜನ ಕೈಯಲ್ಲಿದ್ದ ಹಾಲಿನ ಲೋಟವನ್ನು ದುರ್ಗಮ್ಮ ಕಿತ್ತುಕೊಂಡರು.

"ಈ ಹಾಲು ಅವರ ಬಾಯಿಗೆ ಬಿಡಬ್ಯಾಡ. ಓಡಿ ಹೋಗಿ ಪ್ಯಾಕೆಟ್ ಹಾಲು ತಗೊಂಡ್ ಬಾ."

"ಅತ್ತಿಗೆ, ಅಣ್ಣನೇ ಸಾಕಿದ ಹಸು ಇದು! ಎಲ್ಲಾ ಕಾಯ್ತಾ ಇದಾರೆ."

"ಕಾಯ್ಲಿ!"

ಓಲ್ಡ್ ಟೌನಿನ ಆ ಮನೆಯ ಜಗಲಿಯಲ್ಲಿ, ತೀರಿಕೊಂಡ ಷಣ್ಮುಖಪ್ಪನವರಿಗೆ ವಿಭೂತಿ ಬಳಿದು, ಹಾರ ಹಾಕಿ ಕೂರಿಸಿದ್ದರು. ಹೊರಡುವ ಮುನ್ನ ಬಾಯಿಗೆ ಹಾಲು ಬಿಡಬೇಕು. ಹೆಂಡತಿಯೇ ಅಡ್ಡ ನಿಂತರೆ ಗುಸುಗುಸು ಶುರುವಾಗದೆ ಇರುತ್ತದೆಯೇ?

* * *

ತಿಂಗಳ ಹಿಂದೆ ಷಣ್ಮುಖಪ್ಪ ಶಿವಮೊಗ್ಗದಿಂದ ಒಂದು ಚೀಲ ಪುಡಿ ತಂದಿದ್ದರು. ಕರು ಹಾಕಿದ ಮೇಲೆ ಹಸು ಸೊರಗಿ, ಹಾಲು ಇಳಿದಿತ್ತು.

"ಏನ್ರೀ ಅದು?"

"ಕೊಬ್ಬು ಕಣೇ. ಹಿಂಡಿ ಜತೆ ಹಾಕಿದ್ರೆ ಹಾಲು ಜಾಸ್ತಿ ಆಗುತ್ತಂತೆ."

"ಶಿವಶಿವಾ! ಯಾವ ಪ್ರಾಣೀದು?"

ಹೆಂಡತಿಯನ್ನು ರೇಗಿಸುವುದೆಂದರೆ ಅವರಿಗೆ ಹಬ್ಬ. "ನಿಂದೇ ಮಾರಾಯ್ತಿ! ನಿಂಗಿರೋ ಕೊಬ್ಬಲ್ಲಿ ಸ್ವಲ್ಪ ಹಸೂಗೂ ಇರ್ಲಿ ಅಂತ."

ದುರ್ಗಮ್ಮ ನಗಲಿಲ್ಲ. ಮಾಂಸ ಮುಟ್ಟದ ಮನೆ ಅದು. ಅಂದಿನಿಂದ ಆ ಹಾಲು ದೇವರ ಮುಂದೆ ಹೋಗಲಿಲ್ಲ, ದುರ್ಗಮ್ಮನ ಕಾಫಿಗೂ ಬೀಳಲಿಲ್ಲ. ಷಣ್ಮುಖಪ್ಪ ಮಾತ್ರ ಚಪ್ಪರಿಸಿ ಕುಡಿಯುತ್ತಿದ್ದರು. ನಿಜ ಹೇಳುವ ಮೊದಲೇ, ನಿನ್ನೆ ಎದೆ ಹಿಡಿದು ಕೂತವರು ಏಳಲಿಲ್ಲ.

* * *

"ಪ್ರಾಣಿ ಕೊಬ್ಬು ತಿಂದ ಹಸೂ ಹಾಲು ಕುಡಿಸಿ ಕೈಲಾಸಕ್ಕೆ ಕಳಿಸ್ಲಾ?" ದುರ್ಗಮ್ಮ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಹಾರ ಹಿಡಿದು ಬಂದಿದ್ದ ಹಾಲಿನ ಡೈರಿಯ ಸುಷ್ಮಾ ಬೆಚ್ಚಿಬಿದ್ದಳು. "ಯಾವ ಪ್ರಾಣಿ ಅಮ್ಮ? ಅದು ತಾಳೆ ಎಣ್ಣೆಯಿಂದ ಮಾಡಿದ್ದು! ಆ ಚೀಲ ತರೋಕೆ ಹೇಳಿ, ಫ್ಯಾಟ್ ಅಂದ್ರೆ ಕೊಬ್ಬು ಅಂತ ಅವ್ರಿಗೆ ತಿಳಿಸಿದ್ದೇ ನಾನು."

"ಎಣ್ಣೇನಾ?"

ಯೋಗರಾಜ ಕೊಟ್ಟಿಗೆಗೆ ಓಡಿ ಚೀಲ ಹೊತ್ತು ತಂದ. ಎಲ್ಲರೂ ಮುಗಿಬಿದ್ದರು. "ತಾಳೆ ಎಣ್ಣೆ! ತಾಳೆ ಎಣ್ಣೆ ಅಂತಾನೇ ಬರ್ದೈತೆ ಅತ್ತಿಗೆ!" ಎಂದು ಅವನು ಕೂಗಿದ. ಸಾವಿನ ಮನೆ ಎಂಬುದನ್ನೂ ಮರೆತು ಯಾರೋ ಕಿಸಕ್ಕನೆ ನಕ್ಕರು.

ದುರ್ಗಮ್ಮ ಗಂಡನ ಕಡೆ ತಿರುಗಿದರು. "ಒಂದ್ ತಿಂಗಳು ಕರೀ ಕಾಫಿ ಕುಡಿಸಿದ್ರಲ್ರೀ! ಬಾಯ್ಬಿಟ್ಟು ಹೇಳಕ್ಕೇನಾಗಿತ್ತು?" ಅಳುತ್ತಲೇ ಅವರಿಗೂ ನಗು ಬಂತು. ನಗುತ್ತ ನಗುತ್ತ ಮತ್ತೆ ಅತ್ತರು.

ಚಮಚದಲ್ಲಿ ಹಾಲು ಬಿಟ್ಟರು. ತುಟಿಯಿಂದ ಇಳಿದದ್ದನ್ನು ಸೆರಗಿನಿಂದ ಒರೆಸಿದರು.

ಹೆಣ ಎತ್ತುವವರೆಗೆ ಮನೆಯವರು ಹನಿ ನೀರೂ ಮುಟ್ಟಬಾರದು. "ಅಯ್ಯೋ, ಬ್ಯಾಡ!" ಎಂದು ಹೆಂಗಸರು ಕೈ ಚಾಚುವಷ್ಟರಲ್ಲಿ ದುರ್ಗಮ್ಮ, ಗಂಡನ ಮುಖ ನೋಡುತ್ತ, ಉಳಿದ ಹಾಲನ್ನು ಗಟಗಟನೆ ಕುಡಿದು ಖಾಲಿ ಲೋಟವನ್ನು ಅವರ ಮಡಿಲಲ್ಲಿಟ್ಟರು.