ಉಗ್ರಾಣದ ಕೋಡುಬಳೆ

2006ರ ಆ ಶುಕ್ರವಾರ ರಾಜಾಜಿನಗರದಲ್ಲಿ ಎರಡು ಹೊಸ ಸಿನಿಮಾ ಬಿಡುಗಡೆಯಾಗಿದ್ದವು. ಒಂದು ಕರ್ಚೀಫು ಒದ್ದೆ ಮಾಡಿಸುವ ಸಂಸಾರದ ಕಥೆ. ಇನ್ನೊಂದು ನನ್ನದು, ಸಾವಿನ ಮನೆಯಲ್ಲಿ ನಡೆಯುವ ತಮಾಷೆ. ಎರಡನ್ನೂ ನೋಡಬಹುದು ಎಂದು ಪೇಪರಿನವರು ಬರೆದಿದ್ದರು. ನಾನು ಮಾತ್ರ ಅಮ್ಮನಿಗೆ ಮೊದಲನೆಯದನ್ನೇ ಹೊಗಳಿ ಹೊಗಳಿ ಹೇಳಿದೆ.

“ಅದ್ರಲ್ಲಿ ಚೆನ್ನಾಗಿ ಅಳಿಸ್ತಾರಂತೆ ಅಮ್ಮ. ನಿಂಗೆ ಇಷ್ಟ ಆಗತ್ತೆ.”

“ಹೆತ್ತ ಮಗನ ಸಿನಿಮಾ ಬಿಟ್ಟು ಯಾರದ್ದೋ ಸಿನಿಮಾಗೆ ಹೋಗ್ಲಾ? ನಿಮ್ಮತ್ತೇನೂ ಬರ್ತಾರೆ. ಟಿಕೆಟ್ ತಗೊಂಡಿಡು ಸುಘೋಷ್.”

ಅತ್ತೆ ಎಂದರೆ ಅಪ್ಪನ ಅಕ್ಕ, ಅಕ್ಕಯ್ಯಮ್ಮ. ಅವರ ಕಿವಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಮಹಾಲಕ್ಷ್ಮಿ ಲೇಔಟ್ ದಾಟಿರುತ್ತದೆ. ಇವರಿಬ್ಬರೂ ನನ್ನ ಸಿನಿಮಾ ನೋಡುವುದು ನನಗೆ ಬೇಡವಾಗಿತ್ತು.

ಯಾಕೆಂದರೆ ಸಿನಿಮಾದಲ್ಲಿ ಒಂದು ದೃಶ್ಯವಿತ್ತು. ನಾನು ಚಿಕ್ಕವನಿದ್ದಾಗ, ಗೋಕುಲಾಷ್ಟಮಿಯ ದಿನವೇ ಅಪ್ಪ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಹೆಣ ಎತ್ತುವವರೆಗೆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಮನೆಯವರು ಏನೂ ತಿನ್ನುವಂತಿಲ್ಲ. ಆದರೆ ಅಮ್ಮ ಉಗ್ರಾಣದ ಬಾಗಿಲ ಹಿಂದೆ ಕೂತು, ಹಬ್ಬಕ್ಕೆಂದು ಕರಿದಿಟ್ಟಿದ್ದ ಕೋಡುಬಳೆ ತಿನ್ನುತ್ತಿದ್ದಳು. ಸಂದಿಯಿಂದ ನೋಡಿದ ನಾನು ಯಾರಿಗೂ ಹೇಳಲಿಲ್ಲ. ಅಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದವನು ಈಗ ಟಿಕೆಟ್ ಇಟ್ಟು ಇಡೀ ಊರಿಗೇ ತೋರಿಸುತ್ತಿದ್ದೆ! ಬರೆಯುವಾಗ ನನ್ನಂಥ ಬುದ್ಧಿವಂತನಿಲ್ಲ ಎನಿಸಿತ್ತು. ಈಗ ಅಮ್ಮನೇ ಅದನ್ನು ನೋಡಲು ಹೊರಟಿದ್ದಳು.

ಮ್ಯಾಟಿನಿಗೆ ಹೋದೆವು. ಮಧ್ಯೆ ಅಮ್ಮ, ಆ ಕಡೆ ಅತ್ತೆ, ಈ ಕಡೆ ನಾನು. ಹೆಣದ ಮುಂದೆ ಕೂತ ನೆಂಟರು ಕಾಫಿಗಾಗಿ ಪರದಾಡುವಾಗ ಜನ ನಕ್ಕರು. ಬೇರೆ ನಿರ್ದೇಶಕನಾಗಿದ್ದರೆ ಕುಣಿದಾಡುತ್ತಿದ್ದ. ನಾನು ಕರೆಂಟ್ ಹೋಗಲಿ, ರೀಲು ಹರಿಯಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ. ದೇವರು ಕೇಳಿಸಿಕೊಳ್ಳಲಿಲ್ಲ.

ಪರದೆಯ ಮೇಲೆ ವಿಧವೆ ಉಗ್ರಾಣ ಹೊಕ್ಕು ಕೋಡುಬಳೆ ಕಚ್ಚಿದಳು. ಕಟಂ! ಅಷ್ಟರಲ್ಲಿ ನೆಂಟರು ಒಳಗೆ ಬಂದರು. ಅಗಿದರೆ ಸದ್ದಾಗುತ್ತದೆ, ನುಂಗಿದರೆ ಗಂಟಲಿಗೆ ಸಿಕ್ಕುತ್ತದೆ. ಬಾಯಿ ತುಂಬಿಕೊಂಡೇ ಅವಳು ಗೋಳೋ ಎಂದಳು. ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು.

“ಗಂಡ ಸತ್ತು ಬಿದ್ದಿದಾನೆ, ಇವಳಿಗೆ ಕೋಡುಬಳೆ! ಎಂಥಾ ಹೆಂಗಸೇ ಇವಳು!” ಅತ್ತೆ ನಗುತ್ತಾ ಅಮ್ಮನ ತೊಡೆ ತಟ್ಟಿದರು.

ಅಮ್ಮ ನಗಲಿಲ್ಲ. ಈಗ ಎದ್ದು ಹೋಗುತ್ತಾಳೆ, ಇನ್ನು ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಅವಳು ಮೆಲ್ಲಗೆ ನನ್ನ ಕಡೆ ವಾಲಿದಳು.

“ಅವತ್ತು ನೋಡಿದ್ಯಾ?”

“ಹೂಂ. ತಪ್ಪಾಯ್ತಮ್ಮ. ನಿಂಗೆ ಹಸಿವಾಗಿತ್ತು ಅಂತ ನಾನು...”

“ಹಸಿವಲ್ಲ ಕಣೋ. ಬೆಳಿಗ್ಗೆ ಒಂದೇ ಒಂದು ಕೊಡೇ ಅಂತ ನಿಮ್ಮಪ್ಪ ಕೇಳಿದ್ರು. ನೈವೇದ್ಯ ಆಗೋವರ್ಗೂ ಮುಟ್ಬೇಡಿ ಅಂತ ಕೈ ತಳ್ಳಿದ್ದೆ. ಆಮೇಲೆ ಸೂತಕ ಬಂತು, ಎಲ್ಲಾ ಚೆಲ್ಲು ಅಂದ್ರು ನಿಮ್ಮತ್ತೆ. ನಿಮ್ಮಪ್ಪ ಆಸೆಪಟ್ಟು ಕೇಳಿದ್ದನ್ನ ತಿಪ್ಪೆಗೆ ಹೆಂಗೆ ಹಾಕ್ಲಿ?”

ಪರದೆಯ ಮೇಲೆ ವಿಧವೆ ಎರಡನೆಯ ಕೋಡುಬಳೆಗೆ ಕೈ ಹಾಕಿದಳು. ಜನ ಇನ್ನೂ ಜೋರಾಗಿ ನಕ್ಕರು. ಅಲ್ಲಿ ನಗಬೇಕೆಂದು ಬರೆದಿದ್ದವನು ನಾನೇ.